ಇನ್ನೂರ ಹದಿನಾಲ್ಕು ಸಾಲುಗಳು

2019ರಲ್ಲಿ ನಾನು ಹೈದರಾಬಾದಿನ ಕೊಂಡಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹಿರಿಯ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಆಸ್ಪತ್ರೆಗಳ ಮಾಹಿತಿಯನ್ನು ಜೋಪಾನವಾಗಿ ಇಡುವುದು ನಮ್ಮ ತಂಡದ ಕೆಲಸ. ಜೋಪಾನ ಎಂಬ ಮಾತು ನನ್ನ ಬಾಯಲ್ಲಿ ಒಪ್ಪುವುದಿಲ್ಲವೆಂದು ಇದನ್ನು ಓದಿ ಮುಗಿಸುವಷ್ಟರಲ್ಲಿ ನಿಮಗೇ ಅನ್ನಿಸಬಹುದು. ಅನ್ನಿಸಲಿ, ಅದಕ್ಕೆಂದೇ ಬರೆಯುತ್ತಿದ್ದೇನೆ.

ನಮ್ಮ ತಂದೆಯವರು ರೈಲ್ವೆ ನೌಕರಿಗೆಂದು ಕಲಬುರ್ಗಿ ಕಡೆಯಿಂದ ಬಂದು ಕಾಚಿಗೂಡದಲ್ಲಿ ನೆಲೆಸಿದವರು. ನಮಗೆ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಟೋ ಹತ್ತಿದರೆ ಹಿಂದಿ. ಹೀಗೆ ಬೆಳೆದವನಿಗೆ ಹೊರಗೆ ಯಾರಾದರೂ ‘ಹ್ಯಾಂಗದೀರಿ’ ಎಂದು ಕೇಳಿದರೆ ಸಾಕು, ಕರಗಿ ನೀರಾಗುತ್ತಾನೆ. ಮುಂದೆ ಆದ ಅನಾಹುತಕ್ಕೆ ಈ ಕರಗುವ ಸ್ವಭಾವ ಅರ್ಧ ಕಾರಣ, ಉಳಿದರ್ಧ ನನ್ನ ಅವಸರ.

ಉಪ್ಪಲ್ ಕಡೆಯ ಒಂದು ಖಾಸಗಿ ಆಸ್ಪತ್ರೆಯ ರಕ್ತನಿಧಿಯ ಸಾಫ್ಟ್‌ವೇರನ್ನು ನಾವು ನೋಡಿಕೊಳ್ಳುತ್ತಿದ್ದೆವು. ಅಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದವರು ಶಕುಂತಲಾ ಪಾಟೀಲ. ಬೀದರ್ ಜಿಲ್ಲೆಯವರು. ಮೊದಲ ಭೇಟಿಯಲ್ಲಿ ನನ್ನ ಅಡ್ಡಹೆಸರು ಕೇಳಿದ್ದೇ, “ದೇಸಾಯರ, ಹಂಗಾದ್ರ ನೀವು ನಮ್ಮ ಕಡೇವ್ರ” ಎಂದು ಕ್ಯಾಂಟೀನಿಗೆ ಕರೆದೊಯ್ದು ಚಹಾ ಕುಡಿಸಿದ್ದರು. ಅಲ್ಲಿಂದ ನಾನು ಯಾವ ಕೆಲಸಕ್ಕೆ ಹೋದರೂ ಆ ಚಹಾ ತಪ್ಪುತ್ತಿರಲಿಲ್ಲ.

ರಕ್ತದ ಗುಂಪು ಎಂದರೆ ಎ, ಬಿ, ಓ ಅಷ್ಟೇ ಎಂದು ನಾನು ತಿಳಿದಿದ್ದೆ. ಅದರೊಳಗೆ ಇನ್ನೂ ಹತ್ತಾರು ಸಣ್ಣ ಗುರುತುಗಳಿರುತ್ತವೆ ಎಂದು ಕಲಿಸಿದವರು ಶಕುಂತಲಾ ಅವರೇ. ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳುವ ರೋಗಿಯ ದೇಹ ಕೆಲವೊಮ್ಮೆ ಅಂಥ ಒಂದು ಗುರುತಿನ ವಿರುದ್ಧ ಆಂಟಿಬಾಡಿ, ಅಂದರೆ ಪ್ರತಿಕಾಯ, ತಯಾರಿಸಿಕೊಳ್ಳುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಅದು ಪರೀಕ್ಷೆಗೆ ಸಿಗದಷ್ಟು ಇಳಿದುಬಿಡುತ್ತದೆ. ಆದರೆ ದೇಹ ಮರೆತಿರುವುದಿಲ್ಲ. ಅದೇ ಗುರುತಿನ ರಕ್ತ ಮತ್ತೆ ಒಳಗೆ ಹೋದರೆ ಕೆಲವೇ ದಿನಗಳಲ್ಲಿ ಆ ರಕ್ತಕಣಗಳನ್ನು ಒಡೆದು ಹಾಕುತ್ತದೆ. ಮೂತ್ರಪಿಂಡಕ್ಕೆ, ಕೆಲವೊಮ್ಮೆ ಜೀವಕ್ಕೇ ಕುತ್ತು. ಅಂಥವರಿಗೆ ಇವತ್ತಿನ ಪರೀಕ್ಷೆಗಿಂತ ಹಳೆಯ ದಾಖಲೆಯೇ ಮುಖ್ಯ.

ಆ ದಾಖಲೆಯನ್ನು ಶಕುಂತಲಾ ಅವರು ಕೆಂಪು ಶಾಯಿಯಲ್ಲಿ ಒಂದು ಚೀಟಿಯ ಮೇಲೆ ಬರೆದು ರೋಗಿಯ ಕೈಗೆ ಕೊಡುತ್ತಿದ್ದರು. ಕಟ್ಟಡ ಕೆಲಸಕ್ಕೆ ಯಾದಗಿರಿ, ರಾಯಚೂರು ಕಡೆಯಿಂದ ಬಂದವರು ಆ ಚೀಟಿಯನ್ನು ಕಳೆದುಕೊಳ್ಳುತ್ತಿದ್ದರು. ಇವತ್ತು ಒಂದು ಶೆಡ್ಡು, ನಾಳೆ ಇನ್ನೊಂದು ಸೈಟು; ಅವರನ್ನು ಬಯ್ದು ಏನು ಪ್ರಯೋಜನ? ಒಂದು ದಿನ ಚಹಾ ಕುಡಿಯುತ್ತ ಶಕುಂತಲಾ ಅವರು ಕೇಳಿದರು:

“ದೇಸಾಯರ, ಇದನ್ನ ಕಂಪ್ಯೂಟರ್‌ನಾಗ ಹಾಕೂ ಹಂಗ ಒಂದು ಜಾಗಾ ಮಾಡಿ ಕೊಡಾಕ ಬರ್ತದೇನ್ರಿ? ಆಫೀಸಿಗೆ ಬರದ್ರ ಆರು ತಿಂಗಳು ಕಾಯಸ್ತಾರ.”

ಬರುತ್ತದೆ ಎಂದೆ. ನಿಯಮದ ಪ್ರಕಾರ ಇಂಥ ಬದಲಾವಣೆಗೆ ಅರ್ಜಿ ಬೇಕು, ಮ್ಯಾನೇಜರ್ ಸಹಿ ಬೇಕು, ಕೊನೆಗೆ ಟೇಬಲ್‌ಗಳ ಪಟ್ಟಿಯಲ್ಲಿ ಹೊಸ ಹೆಸರು ಸೇರಬೇಕು. ನಮ್ಮವರ ಕೆಲಸಕ್ಕೆ ಅರ್ಜಿ ಯಾಕೆ ಎಂದುಕೊಂಡು ಅಂದೇ ಮಧ್ಯಾಹ್ನ ಅವರ ಪಕ್ಕದಲ್ಲೇ ಕುಳಿತು ಹೊಸ ಟೇಬಲ್ ಮಾಡಿಕೊಟ್ಟೆ. ಪಟ್ಟಿಯಲ್ಲಿ ಆಮೇಲೆ ಬರೆದರಾಯಿತು ಎಂದುಕೊಂಡೆ. ಆ ‘ಆಮೇಲೆ’ ಬರಲೇ ಇಲ್ಲ.

“ಹಂಗಾರ ಚೀಟಿ ಬರಿಯೂದು ಬಿಡ್ಲೇನ್ರಿ?” ಎಂದು ಕೇಳಿದರು.

“ಬಿಡ್ರಿ. ಇನ್ನ ಮ್ಯಾಲ ಅದು ಕಂಪ್ಯೂಟರ್ ಕೆಲಸ” ಎಂದೆ. ದೊಡ್ಡಸ್ತಿಕೆಯಿಂದಲೇ ಹೇಳಿದೆ.

ಟೇಬಲ್ ಎಂದರೇನೆಂದು ಇಲ್ಲಿ ಎರಡು ಮಾತು ಹೇಳಬೇಕು. ಡೇಟಾಬೇಸಿನಲ್ಲಿ ಮಾಹಿತಿ ಸಾಲು ಸಾಲಾಗಿ ಟೇಬಲ್‌ಗಳಲ್ಲಿ ಇರುತ್ತದೆ. ರೋಗಿಗಳ ಟೇಬಲ್ಲಿನಲ್ಲಿ ಒಬ್ಬರಿಗೆ ಒಂದು ಸಾಲು. ಪ್ರತಿಕಾಯದ ಟೇಬಲ್ಲಿನ ಪ್ರತಿ ಸಾಲೂ ರೋಗಿಗಳ ಟೇಬಲ್ಲಿನ ಒಂದು ಸಾಲಿಗೆ ಕಟ್ಟಿಕೊಂಡಿರುತ್ತದೆ. ಈ ಕಟ್ಟಿಗೆ ಫಾರಿನ್ ಕೀ ಎನ್ನುತ್ತೇವೆ. ಇದನ್ನು ನಂಬಿ ಇನ್ನೊಂದು ಟೇಬಲ್ ಬದುಕಿದೆ, ಇದನ್ನು ಬರಿದು ಮಾಡಬೇಡ ಎಂದು ತಡೆಯುವುದೇ ಅದರ ಕೆಲಸ. ಆ ಟೇಬಲ್ ಮಾಡುವಾಗ ಆ ಕಟ್ಟನ್ನು ಹಾಕಿದವನು ನಾನೇ. ಅಷ್ಟರ ಮಟ್ಟಿಗೆ ಕೆಲಸ ಬಲ್ಲವನಂತೆ ಮಾಡಿದ್ದೆ.

ಅದೇ ವರ್ಷ ಜುಲೈಯಲ್ಲಿ ಆಸ್ಪತ್ರೆಯವರು ರೋಗಿಗಳ ಪಟ್ಟಿಯನ್ನು ಶುದ್ಧಗೊಳಿಸಿದರು. ಒಬ್ಬರೇ ಎರಡು ಮೂರು ಹೆಸರಿನಲ್ಲಿ ದಾಖಲಾಗಿದ್ದನ್ನು ಸರಿಪಡಿಸಿ ಹೊಸ ಫೈಲು ಕಳಿಸಿದರು. ರೋಗಿಗಳ ಟೇಬಲ್ಲನ್ನೂ ಅದಕ್ಕೆ ಅಂಟಿಕೊಂಡ ನಾಲ್ಕು ಟೇಬಲ್‌ಗಳನ್ನೂ ಬರಿದು ಮಾಡಿ ಹೊಸ ಫೈಲಿನಿಂದ ತುಂಬುವುದು ನನ್ನ ಕೆಲಸ. ಪಟ್ಟಿ ನೋಡಿದೆ: ಐದು ಟೇಬಲ್. ಐದನ್ನೂ ಬೇರೆ ಕಡೆ ನಕಲು ಮಾಡಿಟ್ಟುಕೊಂಡೆ. ಆರನೆಯದು ಪಟ್ಟಿಯಲ್ಲಿ ಇರಲಿಲ್ಲ, ನನ್ನ ನೆನಪಿನಲ್ಲೂ ಇರಲಿಲ್ಲ.

ಇಂಥ ಕೆಲಸವನ್ನು ಆಸ್ಪತ್ರೆಯಲ್ಲಿ ಬಳಕೆ ಕಡಿಮೆ ಇರುವ ಹೊತ್ತಿನಲ್ಲಿ ಮಾಡಬೇಕು. ನಾನು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಕುಳಿತೆ. ಸಂಜೆ ತಂಗಿಯ ಮಗಳ ನಿಶ್ಚಯವಿತ್ತು, ಬೇಗ ಮನೆ ಸೇರಬೇಕಿತ್ತು. ಇಷ್ಟೇ ಕಾರಣ, ಇದಕ್ಕಿಂತ ಘನವಾದದ್ದು ಏನೂ ಇಲ್ಲ.

ಟ್ರಂಕೇಟ್ ಎಂಬ ಆದೇಶ ಕೊಟ್ಟರೆ ಟೇಬಲ್ ಒಂದೇ ಏಟಿಗೆ ಬರಿದಾಗುತ್ತದೆ. ಆದರೆ ಅದಕ್ಕೆ ಟೇಬಲ್ಲಿನ ಮೇಲೆ ಪೂರ್ತಿ ಲಾಕ್ ಬೇಕು. ಯಾರೋ ಒಬ್ಬರು ಆ ಟೇಬಲ್ಲನ್ನು ಸುಮ್ಮನೆ ಓದುತ್ತಿದ್ದರೂ ಅವರು ಮುಗಿಸುವವರೆಗೆ ಅದು ಕಾಯುತ್ತದೆ, ಮತ್ತು ಅದು ಕಾಯುತ್ತಿರುವಷ್ಟು ಹೊತ್ತು ಅದರ ಹಿಂದೆ ಬಂದವರೆಲ್ಲ ಕಾಯಬೇಕು. ಸಣ್ಣ ಓಣಿಗೆ ಲಾರಿ ನುಗ್ಗಿಸಿದ ಹಾಗೆ. ನಾನು ಲಾರಿ ನುಗ್ಗಿಸಿದೆ. ರಕ್ತನಿಧಿಯಲ್ಲಿ ಯಾರದೋ ಸ್ಕ್ರೀನು ತೆರೆದೇ ಇತ್ತು. ಮೂರು ನಿಮಿಷವಾಯಿತು, ನಾಲ್ಕಾಯಿತು. ಆಸ್ಪತ್ರೆಯ ಉಳಿದ ಸ್ಕ್ರೀನುಗಳೂ ಕಲ್ಲಾದವು. ಅಡ್ಡ ನಿಂತದ್ದು ಯಾರ ಸಂಪರ್ಕವೆಂದು ನೋಡಿದೆ. ಶಕುಂತಲಾ ಅವರದು. ಫೋನ್ ಮಾಡಿ ‘ಮುಚ್ಚಿರಿ’ ಅನ್ನಬಹುದಿತ್ತು. ನಾನು ಅವರ ಸಂಪರ್ಕವನ್ನೇ ಕತ್ತರಿಸಿದೆ.

ಲಾಕ್ ಸಿಕ್ಕಿತು. ಸಿಕ್ಕ ಕೂಡಲೇ ಡೇಟಾಬೇಸ್ ನನ್ನ ಆದೇಶವನ್ನು ನಿರಾಕರಿಸಿ ಮೂರು ಸಾಲು ಬರೆಯಿತು. ಮೊದಲನೆಯದು: ಫಾರಿನ್ ಕೀ ಇರುವುದರಿಂದ ಬರಿದು ಮಾಡಲಾಗದು. ಎರಡನೆಯದರಲ್ಲಿ ಇಂಥ ಟೇಬಲ್ ಇದನ್ನು ನಂಬಿದೆ ಎಂದು ಆ ಆರನೆಯ ಟೇಬಲ್ಲಿನ ಹೆಸರಿತ್ತು. ಮೂರನೆಯದು ಒಂದು ಸಲಹೆ: ಅದನ್ನೂ ಜೊತೆಗೇ ಬರಿದು ಮಾಡಿ, ಇಲ್ಲವೇ ಕ್ಯಾಸ್ಕೇಡ್ ಬಳಸಿ. ಕ್ಯಾಸ್ಕೇಡ್ ಎಂದರೆ ಇದನ್ನು ನಂಬಿದ್ದೆಲ್ಲವನ್ನೂ ಕೇಳದೆ ಅಳಿಸು ಎಂದು ಅರ್ಥ.

ನಾನು ಮೂರನೆಯ ಸಾಲನ್ನಷ್ಟೇ ಓದಿದೆ. ಅಷ್ಟರಲ್ಲಿ ಫೋನ್ ಬಡಿದುಕೊಳ್ಳತೊಡಗಿತ್ತು. ಎಡಗೈಯಲ್ಲಿ ಫೋನ್ ಎತ್ತಿಕೊಂಡೆ, ಬಲಗೈಯಲ್ಲಿ ಕ್ಯಾಸ್ಕೇಡ್ ಎಂದು ಸೇರಿಸಿ ಎಂಟರ್ ಒತ್ತಿದೆ.

“ದೇಸಾಯರ, ನನ್ನ ಸ್ಕ್ರೀನ್ ಹೋತಲ್ರಿ! ಒಬ್ಬ ಪೇಶಂಟಿಂದು ಹಾಕಾಕತ್ತಿದ್ದೆ.”

“ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕ್ರಿ” ಎಂದೆ. ಅವರು ಹತ್ತು ನಿಮಿಷ ಬಿಟ್ಟು ಆ ಒಬ್ಬರ ಮಾಹಿತಿಯನ್ನು ಹಾಕಿದರು. ಅದು ಸರಿಯಾಗಿ ಕೂತಿತು, ಅವರಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ನಾನು ಐದು ಟೇಬಲ್ ತುಂಬಿ, ಸಾಲು ಎಣಿಸಿ, ಲೆಕ್ಕ ಸರಿಯಿದೆ ಎಂದು ಈಮೇಲ್ ಕಳಿಸಿ, ನಾಲ್ಕಕ್ಕೆ ಮನೆಗೆ ಹೊರಟೆ. ನಿಶ್ಚಯದ ಊಟ ಚೆನ್ನಾಗಿತ್ತು.

ನಮ್ಮ ಬ್ಯಾಕಪ್‌ಗಳು ಹದಿನೈದು ದಿನ ಉಳಿಯುತ್ತಿದ್ದವು, ಆಮೇಲೆ ಹಳೆಯದರ ಮೇಲೆ ಹೊಸದು ಬರುತ್ತಿತ್ತು. ಆ ಹದಿನೈದು ದಿನಗಳಲ್ಲಿ ಯಾರಾದರೂ ಗಮನಿಸಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಮರಳಿ ಬರುತ್ತಿತ್ತು. ಆದರೆ ಆ ಟೇಬಲ್ಲಿನ ಗುಣವೇ ಬೇರೆ. ದಾಖಲೆ ಇದ್ದರೆ ಸ್ಕ್ರೀನಿನ ಮೇಲೆ ಕೆಂಪು ಎಚ್ಚರಿಕೆ ಬರುತ್ತದೆ. ಇಲ್ಲದಿದ್ದರೆ ಏನೂ ಬರುವುದಿಲ್ಲ. ಏನೂ ಬರದಿದ್ದರೆ ನೋಡಿದವರು ಎಲ್ಲ ಸರಿಯಿದೆ ಎಂದೇ ತಿಳಿಯುತ್ತಾರೆ.

ಹತ್ತೊಂಬತ್ತನೆಯ ದಿನ ದೇವಮ್ಮ ಎಂಬ ಹೆಣ್ಣುಮಗಳು ರಕ್ತ ಹಾಕಿಸಿಕೊಳ್ಳಲು ಬಂದಳು. ಮೂವತ್ತರ ಒಳಗಿನ ವಯಸ್ಸು, ಯಾದಗಿರಿ ಕಡೆಯವಳು. ಗಂಡ ಕೊಂಡಾಪುರದ ಅಪಾರ್ಟ್‌ಮೆಂಟ್ ಒಂದರಲ್ಲಿ ಗೌಂಡಿ, ಇವಳು ಅಲ್ಲೇ ಸಿಮೆಂಟು ಹೊರುತ್ತಿದ್ದಳು. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ಕಾಯಿಲೆ ಅವಳಿಗೆ. ಅಂದು ಶಕುಂತಲಾ ಅವರಿಗೆ ರಜೆ. ಕೆಲಸದಲ್ಲಿದ್ದ ಇನ್ನೊಬ್ಬ ಟೆಕ್ನಿಷಿಯನ್ ಹೊಂದಾಣಿಕೆ ಪರೀಕ್ಷೆ ಮಾಡಿದರು, ಹೊಂದಿತು. ಸ್ಕ್ರೀನಿನಲ್ಲಿ ಎಚ್ಚರಿಕೆ ಇರಲಿಲ್ಲ. ನರ್ಸು ತೆಲುಗಿನಲ್ಲಿ, ಹಿಂದೆ ಏನಾದರೂ ತೊಂದರೆಯಾಗಿತ್ತೇ, ಚೀಟಿ ಇದೆಯೇ ಎಂದು ಕೇಳಿದಾಗ ದೇವಮ್ಮ ಕೈಯಿಂದ ಕಂಪ್ಯೂಟರ್ ತೋರಿಸಿದಳಂತೆ. ಚೀಟಿ ಬೇಡ, ಅದರಲ್ಲಿ ಎಲ್ಲ ಇದೆ ಎಂದು ಅವಳಿಗೆ ಹೇಳಿದ್ದವರು ಶಕುಂತಲಾ, ಶಕುಂತಲಾ ಅವರಿಗೆ ಹೇಳಿದ್ದವನು ನಾನು.

ಹತ್ತು ದಿನ ಕಳೆದು ಅವಳು ಮರಳಿ ಬಂದಾಗ ಕಣ್ಣು ಹಳದಿಯಾಗಿತ್ತು, ಜ್ವರವಿತ್ತು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ಹೊಸ ರಕ್ತವನ್ನೆಲ್ಲ ಅವಳ ದೇಹ ಒಡೆದು ಹಾಕಿತ್ತು. ಐಸಿಯುಗೆ ಸೇರಿಸಿದರು.

ಮರುದಿನ, ಶುಕ್ರವಾರ, ಆಸ್ಪತ್ರೆಯಲ್ಲಿ ಸಭೆ ನಡೆಯಿತು. ದೇವಮ್ಮನ ಪ್ರತಿಕಾಯವನ್ನು ಹಿಂದೆ ಕಂಡುಹಿಡಿದಿದ್ದವರೇ ಶಕುಂತಲಾ. ಅದನ್ನು ಕಂಪ್ಯೂಟರಿಗೆ ಹಾಕದೆ ಬಿಟ್ಟಿದ್ದಾರೆ ಎಂದು ಅವರ ಕೈಗೇ ನೋಟಿಸ್ ಕೊಟ್ಟರು. ಮಧ್ಯಾಹ್ನ ಅವರು ನನಗೆ ಫೋನ್ ಮಾಡಿದರು. ದನಿ ಎಂದಿನಂತಿರಲಿಲ್ಲ.

“ನಾ ಹಾಕೀನ್ರಿ ದೇಸಾಯರ. ನನ್ನ ಕೈಯಾರೆ ಹಾಕೀನಿ. ಈಗ ಇಲ್ಲಂತ ತೋರಸ್ತದ. ನೀವರ ಒಮ್ಮೆ ನೋಡ್ರಿ.”

ನೋಡಿದೆ. ಟೇಬಲ್ಲಿನಲ್ಲಿ ಒಂಬತ್ತು ಸಾಲುಗಳಿದ್ದವು. ಸಾಲುಗಳಿಗೆ ಸಂಖ್ಯೆ ತಾನಾಗಿ ಬೀಳುತ್ತದೆ. ಟೇಬಲ್ ಬರಿದಾದರೂ ಆ ಎಣಿಕೆ ಹಿಂದೆ ಹೋಗದೆ ಮುಂದುವರಿಯುತ್ತದೆ. ಅಲ್ಲಿದ್ದ ಮೊದಲ ಸಾಲಿನ ಸಂಖ್ಯೆ 215. ಅಂದರೆ ಅದರ ಹಿಂದೆ ಇನ್ನೂರ ಹದಿನಾಲ್ಕು ಸಾಲುಗಳಿದ್ದವು, ಈಗ ಇಲ್ಲ. 215 ದಾಖಲಾದ ಹೊತ್ತು ಆ ಬುಧವಾರ ಹನ್ನೊಂದೂಮುಕ್ಕಾಲು. ನನಗೆ ಇನ್ನೇನೂ ಹುಡುಕಬೇಕಾಗಿರಲಿಲ್ಲ. ಬ್ಯಾಕಪ್‌ಗಳನ್ನು ನೋಡಿದೆ, ಎಲ್ಲ ಹೊಸವು.

ಶಕುಂತಲಾ ಅವರು ಇನ್ನೂ ಫೋನಿನಲ್ಲೇ ಇದ್ದರು. “ಏನರ ಸಿಕ್ತೇನ್ರಿ?”

“ನೋಡಾಕತ್ತೀನ್ರಿ. ಸೋಮವಾರ ಹೇಳ್ತೀನಿ” ಎಂದೆ.

ನನ್ನ ವೃತ್ತಿಯಲ್ಲಿ ನಾನು ಆಡಿದ ಅತ್ಯಂತ ಹೀನ ಮಾತು ಅದು. ಟೇಬಲ್ ಅಳಿಸಿದ್ದು ಅವಸರದಿಂದ, ಅದಕ್ಕೆ ಕ್ಷಮೆಯಾದರೂ ಇರಬಹುದು. ಈ ಮಾತನ್ನು ನಾನು ಎಲ್ಲ ತಿಳಿದು ಆಡಿದೆ. ಆ ಸಂಜೆ ಆಫೀಸಿನಲ್ಲಿ ಯಾರೋ, ಉಪ್ಪಲ್ ಆಸ್ಪತ್ರೆಯಲ್ಲಿ ಡೇಟಾ ಎಂಟ್ರಿ ತಪ್ಪಾಗಿದೆಯಂತೆ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಎದ್ದು ನೀರು ಕುಡಿಯಲು ಹೋದೆ.

ಶನಿವಾರ, ಭಾನುವಾರ ರಜೆ. ದೇವಮ್ಮನ ವಿಷಯ ಆಗಿಹೋಗಿದೆ, ನಾನು ಬಾಯಿಬಿಟ್ಟರೂ ಅವಳಿಗೆ ಏನು ಉಪಯೋಗ ಎಂದು ನನಗೆ ನಾನೇ ಹೇಳಿಕೊಂಡೆ. ಉಳಿದವರ ಲೆಕ್ಕ ನನ್ನ ತಲೆಗೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂದಿತ್ತು. ಅವರಲ್ಲಿ ಯಾರಿಗಾದರೂ ಈ ಎರಡು ದಿನಗಳಲ್ಲಿ ರಕ್ತ ಬೇಕಾಗಬಹುದು, ಸ್ಕ್ರೀನು ಮತ್ತೆ ಸುಮ್ಮನಿರುತ್ತದೆ. ಅದನ್ನು ಪಕ್ಕಕ್ಕೆ ಸರಿಸಿ ನಾನು ಯೋಚಿಸಿದ್ದು ನಿವೃತ್ತಿಗೆ ಉಳಿದ ಮೂರು ವರ್ಷಗಳನ್ನು. ಭಾನುವಾರ ಸಂಜೆ ಹೆಂಡತಿ, “ಯಾಕ, ಊಟ ಸೇರವಲ್ದೇನು?” ಎಂದು ಕೇಳಿದಾಗ ಎಲ್ಲ ಹೇಳಿಬಿಟ್ಟೆ. ಅವಳು ತಟ್ಟೆ ಎತ್ತಿಕೊಂಡು, “ಆ ಶಕುಂತಲಾಬಾಯಿ ನಿಮ್ಮನ್ನ ನಮ್ಮಾಂವ ಅಂದಿದ್ಲು” ಎಂದಷ್ಟೇ ಹೇಳಿ ಒಳಗೆ ಹೋದಳು.

ಸೋಮವಾರ ಎಂಟು ಗಂಟೆಗೆ, ಆಫೀಸಿಗೆ ಹೋಗದೆ, ನೇರವಾಗಿ ರಕ್ತನಿಧಿಗೆ ಹೋದೆ. ಅಲ್ಲಿನ ಮುಖ್ಯ ವೈದ್ಯರಿಗೂ ಶಕುಂತಲಾ ಅವರಿಗೂ ಒಟ್ಟಿಗೆ ಹೇಳಿದೆ. ವೈದ್ಯರು ಕೂಡಲೇ ಫೋನ್ ಎತ್ತಿ, ಹಿಂದೆ ರಕ್ತ ಹಾಕಿಸಿಕೊಂಡ ಯಾರಿಗೂ ವಿಸ್ತಾರವಾದ ಪರೀಕ್ಷೆ ಇಲ್ಲದೆ ರಕ್ತ ಕೊಡಕೂಡದೆಂದು ಆದೇಶ ಹೊರಡಿಸಿದರು. ಶಕುಂತಲಾ ಅವರು ನನ್ನನ್ನು ನೋಡಿದರು. ಬಯ್ಯುತ್ತಾರೆ ಎಂದು ಕಾದೆ.

“ಮೊದಲ ಆ ಮಂದಿನ ಹುಡುಕೂಣ. ಸಿಟ್ಟು ಆಮ್ಯಾಲ ಮಾಡ್ತೀನಿ” ಎಂದರು.

ಹನ್ನೊಂದು ದಿನ ಹುಡುಕಿದೆವು. ಕೆಳಗಿನ ಗೋದಾಮಿನಲ್ಲಿ ಪ್ರಯೋಗಾಲಯದ ಹಳೆಯ ರಿಜಿಸ್ಟರುಗಳಿದ್ದವು. ಶಕುಂತಲಾ ಅವರು ಓದಿ ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಆ ವಾರಾಂತ್ಯ ಯಾರಿಗೂ ತಪ್ಪು ರಕ್ತ ಹೋಗಿರಲಿಲ್ಲ. ಅದನ್ನು ಅದೃಷ್ಟ ಎಂದು ಕರೆಯಲೂ ನನಗೆ ನಾಚಿಕೆ. ನೂರ ತೊಂಬತ್ತೈದು ಜನರ ದಾಖಲೆ ಮರಳಿ ಬಂತು. ಹತ್ತೊಂಬತ್ತು ಜನರದು ಬರಲಿಲ್ಲ. ಕೆಲವು ಪುಟಗಳು ಗೆದ್ದಲು ತಿಂದಿದ್ದವು, ಕೆಲವರ ಫೋನು ಬೇರೆಯವರದಾಗಿತ್ತು, ಕೆಲವರು ಸೈಟು ಮುಗಿಸಿ ಬೇರೆ ಊರಿಗೆ ಹೋಗಿದ್ದರು. ಅವರು ಈಗ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ತೋಳು ಚಾಚುತ್ತಾರೋ ನನಗೆ ಗೊತ್ತಿಲ್ಲ.

ನಮ್ಮ ಕಂಪನಿಯ ವರದಿಯಲ್ಲಿ ‘ತಾಂತ್ರಿಕ ದೋಷ’ ಎಂದು ಬರೆದರು. ನನ್ನ ಹೆಸರು ಇರಲಿಲ್ಲ. ಮ್ಯಾನೇಜರ್ ಅದನ್ನು ನನಗೆ ಮಾಡಿದ ಉಪಕಾರವೆಂದು ತಿಳಿದಿದ್ದರು, ನಾನೂ ಬೇಡ ಎನ್ನಲಿಲ್ಲ. ಶಕುಂತಲಾ ಅವರ ನೋಟಿಸ್ ಹಿಂದಕ್ಕೆ ಪಡೆದರು. ಕ್ಷಮೆ ಕೇಳಿದವರು ಯಾರೂ ಇಲ್ಲ, ನನ್ನನ್ನು ಬಿಟ್ಟರೆ. ಆಮೇಲೆ ಮಾಡುತ್ತೇನೆಂದ ಸಿಟ್ಟನ್ನು ಅವರು ಮಾಡಲೇ ಇಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಅದರ ಬದಲು, ಏನೇ ಬೇಕಾದರೂ ಇಂಗ್ಲಿಷಿನಲ್ಲಿ ಈಮೇಲ್ ಬರೆದು ಮ್ಯಾನೇಜರಿಗೆ ಪ್ರತಿ ಹಾಕತೊಡಗಿದರು. ನಾನು ಆಸ್ಪತ್ರೆಗೆ ಹೋದಾಗ ಚಹಾಕ್ಕೆ ಕರೆಯುವುದು ನಿಂತಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ, ಉಳಿದ ಮೂರು ವರ್ಷ ಹೊಸಬರಿಗೆ ಒಂದೇ ಪಾಠ ಹೇಳಿದೆ. ಟೇಬಲ್ ಬರಿದು ಮಾಡುವ ಮೊದಲು ಅದನ್ನು ಯಾರು ಯಾರು ನಂಬಿದ್ದಾರೆಂದು ಹಳೆಯ ಪಟ್ಟಿಯನ್ನಲ್ಲ, ಡೇಟಾಬೇಸನ್ನೇ ಕೇಳಿ. ಲಾಕ್ ಸಿಗದಿದ್ದರೆ ಕಾಯಬೇಡಿ, ಕತ್ತರಿಸಬೇಡಿ, ಹಿಂದೆ ಸರಿದು ಬೇರೆ ಹೊತ್ತು ಆರಿಸಿಕೊಳ್ಳಿ. ಬೇಡ ಎಂದು ಬಂದ ಮೂರು ಸಾಲುಗಳಲ್ಲಿ ಮೂರನ್ನೂ ಓದಿ. ಇದೆಲ್ಲ ಸರಿಯಾದ ಪಾಠವೇ. ಆದರೆ ನನಗೆ ತಟ್ಟಿದ ಪಾಠ ಇದಲ್ಲ. ಅದನ್ನು ಕಲಿಸಿದ ಭೇಟಿಯನ್ನು ಕೊನೆಗೆಂದೇ ಉಳಿಸಿಕೊಂಡಿದ್ದೇನೆ.

ನಾವು ಹುಡುಕತೊಡಗಿದ ನಾಲ್ಕನೆಯ ದಿನ, ಗುರುವಾರ, ದೇವಮ್ಮನನ್ನು ಐಸಿಯುವಿನಿಂದ ವಾರ್ಡಿಗೆ ತಂದಿದ್ದರು. ಮೂತ್ರಪಿಂಡ ಉಳಿದಿತ್ತು. ಗೋದಾಮಿನಿಂದ ಎದ್ದು ಒಬ್ಬನೇ ಮೇಲೆ ಹೋದೆ. ಅವಳು ಮಂಚದ ಮೇಲೆ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಕಣ್ಣಿನಲ್ಲಿ ಇನ್ನೂ ಹಳದಿ ಇತ್ತು.

“ಯವ್ವಾ, ಕಂಪ್ಯೂಟರ್‌ನಾಗ ನಿನ್ನ ಹೆಸರಿನ ಮುಂದ ಬರದದ್ದನ್ನ ಅಳಿಸಿದಾಂವ ನಾನು” ಎಂದೆ.

ಅವಳು ಬಟ್ಟಲು ಕೆಳಗಿಟ್ಟಳು. “ಬೇಕಂತ ಅಳಿಸಿದ್ರೇನ್ರಿ?”

“ಇಲ್ಲವ್ವಾ. ನೋಡಲಾರದ ಅಳಿಸಿದೆ.”

“ನನ್ನೊಬ್ಬಾಕಿದ?”

“ಅಲ್ಲ. ಇನ್ನೂರ ಹದಿನಾಲ್ಕ ಮಂದೀದು.”

ಅವಳು ಗಾಬರಿಯಾದಳು. ತನ್ನ ಸಲುವಾಗಿ ಆಗದಷ್ಟು ಗಾಬರಿ. “ಅಯ್ಯ, ಅವರಿಗೆಲ್ಲ ಗೊತ್ತ ಮಾಡೀರಿಲ್ರಿ?”

“ಸೋಮವಾರದಿಂದ ಮಾಡಾಕತ್ತೀವಿ.”

“ನಿಮಗ ಯಾವಾಗ ಗೊತ್ತಾತು?”

“ಶುಕ್ರವಾರ.”

ಅವಳು ಸೂಜಿ ಚುಚ್ಚಿದ ಕೈಯ ಬೆರಳು ಮಡಚಿದಳು. ಶನಿವಾರ. ಐತವಾರ. ಆಮೇಲೆ ನನ್ನ ಮುಖ ನೋಡಿ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದ್ದನ್ನು ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

“ಎರಡ ದಿನ ಏನ ಮಾಡಾಕತ್ತಿದ್ರಿ?”

ವೈದ್ಯರು ಕೇಳಿರಲಿಲ್ಲ, ಮ್ಯಾನೇಜರ್ ಕೇಳಿರಲಿಲ್ಲ. ಟೇಬಲ್ ಅಳಿಸಿದ ಹೊತ್ತು, ಬ್ಯಾಕಪ್ ತೀರಿದ ದಿನ, ಎಲ್ಲವೂ ವರದಿಯಲ್ಲಿ ಇದ್ದವು. ಈ ಎರಡು ದಿನಗಳು ಇರಲಿಲ್ಲ. ತಪ್ಪು ಎಲ್ಲರಿಂದಲೂ ಆಗುತ್ತದೆ. ತಪ್ಪು ಗೊತ್ತಾದ ಗಳಿಗೆಯಿಂದ ಬಾಯಿ ತೆರೆಯುವ ಗಳಿಗೆಯವರೆಗಿನ ಹೊತ್ತು ಮಾತ್ರ ಪೂರ್ತಿ ನಮ್ಮದು. ಮೂವತ್ತೈದು ವರ್ಷದ ನೌಕರಿ ನನಗೆ ಕಲಿಸಿದ್ದು ಇದೊಂದೇ, ಅದನ್ನೂ ಆ ವಾರ್ಡಿನಲ್ಲಿ ನಿಂತು ಕಲಿತೆ. ದೇವಮ್ಮ ಉತ್ತರಕ್ಕೆ ಕಾಯುತ್ತಿದ್ದಳು.

“ಮನ್ಯಾಗಿದ್ದೆ” ಎಂದೆ.